ಕುತ್ತಿಗೆಯ ಗೆಡ್ಡೆ, ಹೊಟ್ಟೆಯ ಕೂಸು

ಆ ಗೆಡ್ಡೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮ ಅತ್ತೆ. ಒಂದು ಭಾನುವಾರ ಕ್ಯಾಲನೂರಿನ ಮನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದವರು ಕೈ ನಿಲ್ಲಿಸಿ, "ಇದೇನೇ ಸರೋಜ, ಇಲ್ಲಿ ಗೋಲಿ ಇದ್ದಂಗಿದೆ?" ಅಂದರು. ಎಡಗಡೆ, ಕುತ್ತಿಗೆ ಭುಜಕ್ಕೆ ಸೇರುವ ಜಾಗ. ಮುಟ್ಟಿಕೊಂಡೆ. ಹುಣಸೆಬೀಜದಷ್ಟಿತ್ತು, ನೋವಿರಲಿಲ್ಲ. ನೋವಿಲ್ಲ ಅಂದಮೇಲೆ ಏನೂ ಇರಲಾರದು ಎಂದು ಎದ್ದು ನೀರು ಹಾಕಿಕೊಳ್ಳಲು ಹೋದೆ. ನೋವಿಲ್ಲದ ಗೆಡ್ಡೆಗೇ ಹೆಚ್ಚು ಹೆದರಬೇಕು ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ನನಗೆ ಇಪ್ಪತ್ಮೂರು ವರ್ಷ, ಮದುವೆಯಾಗಿ ಎಂಟು ತಿಂಗಳು. ನಮ್ಮ ಯಜಮಾನರು ಕೃಷ್ಣಪ್ಪ ಊರಿನ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ. ನಾನು ಹುತ್ತೂರಿನವಳು, ಹಿಪ್ಪುನೇರಳೆ ತೋಟದ ಮಧ್ಯೆ ಬೆಳೆದವಳು, ಎಸ್ಸೆಸ್ಸೆಲ್ಸಿ ಮುಗಿಸಿ ಕೋಲಾರದಲ್ಲಿ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕೆ ಸೇರಿದ್ದೆ. ನನ್ನ ಕೆಲಸವೇನೆಂದು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಪಟ್ಟ ಭಯಕ್ಕೆಲ್ಲ ಅದೇ ಮೂಲ.

ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟು ಮುಗಿದ ಮೇಲೆ ಆ ತಾಯಿ ಚಿಟ್ಟೆಯನ್ನು ನಾವು ಸಣ್ಣ ಒರಳಿನಲ್ಲಿ ಅರೆಯುತ್ತಿದ್ದೆವು. ಅರೆದದ್ದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಕ್ಕಿಕಾಳಿನ ಆಕಾರದ ಹೊಳೆಯುವ ಕಣಗಳು ಕಂಡರೆ ಪೆಬ್ರಿನ್ ರೋಗ. ಆ ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಹಾಗಾಗಿ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಮೊಟ್ಟೆ ನೋಡಲು ಎಷ್ಟೇ ಚೆನ್ನಾಗಿರಲಿ, ದುಂಡಗೆ, ಹಳದಿಯಾಗಿ, ಒಂದೇ ಸಮನಾಗಿರಲಿ, ತಾಯಿ ಕೆಟ್ಟಿದ್ದರೆ ಸಂಸಾರವೇ ಬೆಂಕಿಗೆ. ಅದರಲ್ಲಿ ನಾನು ಬಲು ಖಡಕ್ಕು. "ಸರೋಜಮ್ಮನ ಕಣ್ಣಿಗೆ ಬಿದ್ದರೆ ಮುಗೀತು," ಎಂದು ಜೊತೆಯವರು ರೇಗಿಸುತ್ತಿದ್ದರು. ನನಗೂ ಅದು ಹೆಮ್ಮೆಯೇ ಆಗಿತ್ತು.

ಕೋಲಾರದ ಡಾಕ್ಟರು ಗೆಡ್ಡೆಯನ್ನು ಒತ್ತಿ ನೋಡಿ ಟಿಬಿ ಅಂದರು. ಅವರನ್ನು ಬೈಯಲಾರೆ, ಆಗ ನಮ್ಮ ಕಡೆ ಕುತ್ತಿಗೆಯಲ್ಲಿ ಗೆಡ್ಡೆ ಎದ್ದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಅದೇ ಇರುತ್ತಿತ್ತು. ಮೂರು ತಿಂಗಳು ದಿನಾ ಸೂಜಿ ಚುಚ್ಚಿಸಿಕೊಂಡೆ. ಕೂರಲಾಗದ ಹಾಗಾಯಿತು, ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ. ಗೆಡ್ಡೆ ಕರಗುವ ಬದಲು ಅದಕ್ಕೊಂದು ಜೊತೆ ಹುಟ್ಟಿತು. ಸಂಜೆಯ ಹೊತ್ತು ಜ್ವರ, ಮೈಯೆಲ್ಲ ತುರಿಕೆ, ರವಿಕೆ ಸಡಿಲವಾಗುತ್ತ ಹೋಯಿತು. ಆಗ ಡಾಕ್ಟರು ಒಂದು ಗೆಡ್ಡೆಯನ್ನು ಕೊಯ್ದು, ಬಾಟಲಿಯಲ್ಲಿ ಹಾಕಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಆ ಬಾಟಲಿಯನ್ನು ನಾನೇ ಮಡಿಲಲ್ಲಿಟ್ಟುಕೊಂಡು ಹೋದೆ. ನನ್ನದನ್ನೂ ಯಾರೋ ಗಾಜಿನ ಮೇಲಿಟ್ಟು ನೋಡುತ್ತಾರೆ ಎಂಬುದು ಬಸ್ಸು ಹೊಸಕೋಟೆ ದಾಟುವಾಗ ಹೊಳೆಯಿತು. ನಾನು ಚಿಟ್ಟೆಗಳನ್ನು ನೋಡುವಷ್ಟೇ ಖಡಕ್ಕಾಗಿ ನೋಡಿದರೆ ಏನು ಗತಿ ಎಂದು ಬಾಟಲಿಯ ಮೇಲೆ ಸೆರಗು ಮುಚ್ಚಿದೆ.

ಎಂಟು ದಿನ ಬಿಟ್ಟು ಬರಲು ಹೇಳಿದರು. ಯಜಮಾನರ ಜೊತೆ ಹೋದಾಗ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಮರದ ಬೆಂಚುಗಳು, ಒಂದೊಂದರ ಮೇಲೆ ಏಳೆಂಟು ಜನ. ಯಾರೂ ಯಾರನ್ನೂ ನಿಮಗೇನು ಎಂದು ಕೇಳುತ್ತಿರಲಿಲ್ಲ. ಯಾವೂರು ಎಂದಷ್ಟೇ ಕೇಳುತ್ತಿದ್ದರು. ನನ್ನ ಪಕ್ಕ ನಂಗಲಿಯ ಲಾರಿ ಡ್ರೈವರು ಒಬ್ಬರು, ಐವತ್ತು ದಾಟಿದವರು, ಗಂಟಲಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ದನಿ ಹೋಗಿಬಿಟ್ಟಿತ್ತು. ನನ್ನ ಹೆಸರು ಕೂಗಿದರೂ ನಾನು ಚೀಲ ಹಿಡಿದು ಕೂತೇ ಇದ್ದೆ. ಹೋಗಮ್ಮ, ಹೆದರಬೇಡ ಎಂದು ಅವರು ತೆಲುಗು ಬೆರೆಸಿ ಪಿಸುಗುಟ್ಟಿದರು, "ಪೋಮ್ಮಾ, ಭಯಪಡಕು. ಬ್ಯಾಗು ನಾನ್ ನೋಡ್ಕೋತೀನಿ." ಒಳಗೆ ಹೋಗಿ ಬಂದ ಮೇಲೂ ಅವರು ಅದೇ ಚೀಲ ಹಿಡಿದುಕೊಂಡು ನಿಂತಿದ್ದರು. ನನ್ನ ಮುಖ ನೋಡಿ ಏನೂ ಕೇಳದೆ ಚೀಲ ಕೊಟ್ಟರು. ಆ ಮರ್ಯಾದೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಒಳಗೆ ಇದ್ದದ್ದು ನಾವು ಆಮೇಲೆ ದೊಡ್ಡ ಡಾಕ್ಟರಮ್ಮ ಎಂದು ಕರೆಯುತ್ತಿದ್ದವರು. ನರೆಗೂದಲು, ದಪ್ಪ ಕನ್ನಡಕ, ಮಾತು ಕಡಿಮೆ. ಸುತ್ತಿಬಳಸದೆ ಕ್ಯಾನ್ಸರ್ ಎಂದರು. ಕುತ್ತಿಗೆಯ ಗ್ರಂಥಿಗಳದ್ದು, ಬೇಗ ಬಂದಿದ್ದೀಯ, ಕರೆಂಟು, ಎಂದರೆ ವಿಕಿರಣ, ಕೊಟ್ಟರೆ ವಾಸಿಯಾಗುವ ಜಾತಿಯದ್ದು ಎಂದೂ ಹೇಳಿದರಂತೆ. ಅದನ್ನು ಕೇಳಿಸಿಕೊಂಡದ್ದು ಯಜಮಾನರು. ನನಗೆ ಮೊದಲ ಮಾತಿನ ನಂತರ ಏನೂ ಕೇಳಿಸಲಿಲ್ಲ.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೆದರಿದರು. ಯಜಮಾನರು ಬೆಳಗಾಗುವ ಮುಂಚೆಯೇ ಹೋಗಿ ಸೊಸೈಟಿಯಲ್ಲಿ ಕೂರತೊಡಗಿದರು. ಹುತ್ತೂರಿನಿಂದ ಓಡಿಬಂದ ನಮ್ಮಮ್ಮ ಬಾಗಿಲು ಹಾಕಿ, "ಯಾರಿಗೂ ಹೇಳ್ಬೇಡ ಕಣೇ, ಟಾನ್ಸಿಲ್ ಆಪರೇಷನ್ ಅನ್ನು. ನಿನ್ ತಂಗೀಗೆ ಇನ್ನೂ ಮದುವೆ ಆಗ್ಬೇಕು. ವಂಶದಲ್ಲೇ ಐತೆ ಅಂತಾರೆ," ಎಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಅತ್ತೆ ಮಾತ್ರ ಪಾತ್ರೆ ಪಗಡೆ ಕಟ್ಟಿದರು. ಆಸ್ಪತ್ರೆಯ ಹತ್ತಿರ ಒಂದು ರೂಮು ಹಿಡಿದು ಆರು ವಾರ ನನ್ನ ಜೊತೆ ನಿಂತವರು ಅವರೇ.

ಕುತ್ತಿಗೆಯ ಮೇಲೆ ನೇರಳೆ ಬಣ್ಣದಲ್ಲಿ ಗೆರೆ ಎಳೆದು, ಆರು ವಾರ ತೊಳೆಯಬಾರದು ಎಂದರು. ದಿನಾ ಒಂದು ಕೋಣೆಗೆ ಕರೆದೊಯ್ದು ಮಲಗಿಸಿ, ಅಲ್ಲಾಡಬೇಡ ಎಂದು ಹೇಳಿ ಎಲ್ಲರೂ ಹೊರಗೆ ಓಡಿಬಿಡುತ್ತಿದ್ದರು. ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅಷ್ಟು ಒಳ್ಳೆಯದಾದರೆ ಇವರೆಲ್ಲ ಯಾಕೆ ಓಡುತ್ತಾರೆ ಎಂದು ನಾನು ಮೇಲಿನ ಯಂತ್ರವನ್ನು ನೋಡುತ್ತ ಮಲಗಿರುತ್ತಿದ್ದೆ. ಏನೂ ಕಾಣಿಸುವುದಿಲ್ಲ, ಏನೂ ತಾಗುವುದಿಲ್ಲ. ಎರಡನೆಯ ವಾರಕ್ಕೆ ಗಂಟಲು ಬೆಂದುಹೋಯಿತು. ಅತ್ತೆ ರಾಗಿ ಗಂಜಿಯನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಮಾಡಿ, ಎರಡು ಲೋಟಗಳ ನಡುವೆ ಆಡಿಸಿ ಆಡಿಸಿ ತಣ್ಣಗೆ ಮಾಡಿ, ಚಮಚದಲ್ಲಿ ಕುಡಿಸುತ್ತಿದ್ದರು. ಹಾಗೆ ಕುಡಿಸುತ್ತಲೇ ಒಂದು ದಿನ ಮೆಲ್ಲಗೆ ಕೇಳಿದರು.

"ಕೋಪ ಮಾಡ್ಕೋಬೇಡ. ನಿಮ್ ಮನೆ ಕಡೆ ಯಾರಿಗಾದ್ರೂ ಹಿಂಗಾಗಿತ್ತಾ?"

"ಇಲ್ಲತ್ತೆ. ನಂಗೊತ್ತಿದ್ದಂಗೆ ಯಾರಿಗೂ ಇಲ್ಲ."

"ಸುಮ್ನೆ ಕೇಳ್ದೆ ಕಣಮ್ಮ. ನಾಳೆ ನಿಂಗೂ ಮಕ್ಕಳು ಮರಿ ಆಗ್ತವೆ ಅಂತ ಕೇಳ್ದೆ."

ಅವರು ಕೆಟ್ಟದ್ದಕ್ಕೆ ಕೇಳಲಿಲ್ಲ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಚಿಕಿತ್ಸೆ ಮುಗಿಸಿ ಕಳಿಸುವಾಗ ದೊಡ್ಡ ಡಾಕ್ಟರಮ್ಮ, "ಎರಡು ವರ್ಷ ಮಕ್ಕಳು ಬೇಡ," ಎಂದರು. ಯಾಕೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಾಗಲಿಲ್ಲ. ಕಾರಣ ನನಗೆ ಗೊತ್ತೇ ಇದೆಯಲ್ಲ ಎಂದುಕೊಂಡೆ. ದಿನಾ ಒರಳಿನಲ್ಲಿ ಅರೆದು ನೋಡುವವಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕೇ?

ಗೆಡ್ಡೆಗಳು ಕರಗಿದವು. ತೂಕ ಬಂತು. ಕೋಠಿಗೆ ಮತ್ತೆ ಹೋಗತೊಡಗಿದೆ. ಆದರೆ ಹೋದವಳು ಮೊದಲಿನ ಸರೋಜಳಲ್ಲ. ಗಾಜಿನ ಮೇಲೆ ಹೊಳೆಯುವ ಕಣ ಕಂಡಾಗಲೆಲ್ಲ ಕಣ್ಣೆತ್ತಿ, ಮತ್ತೊಮ್ಮೆ ನೋಡುತ್ತಿದ್ದೆ. ಕೆಟ್ಟ ತಾಯಿಯ ಮೊಟ್ಟೆಗಳನ್ನು ಒಲೆಗೆ ಹಾಕಿದಾಗ ಸಣ್ಣಗೆ ಚಿಟಿಚಿಟಿ ಎನ್ನುವ ಸದ್ದು ಬರುತ್ತದೆ. ಮುಂಚೆ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ, ಈಗ ಹೊರಗೆ ಹೋಗಿ ನಿಂತುಬಿಡುತ್ತಿದ್ದೆ.

ಎರಡು ವರ್ಷ ಮುಗಿದು ನಾಲ್ಕು ತಿಂಗಳಾಗಿರಬೇಕು, ನಾನು ಮುಟ್ಟಾಗಲಿಲ್ಲ. ಇನ್ನೊಂದು ತಿಂಗಳು ಕಾದೆ. ಆಗಲೂ ಇಲ್ಲ. ಬೇರೆ ಹೆಂಗಸಾಗಿದ್ದರೆ ನಾಚಿಕೊಂಡು ಗಂಡನಿಗೆ ಹೇಳುತ್ತಿದ್ದಳು. ನಾನು ಹಿತ್ತಿಲಿಗೆ ಹೋಗಿ ಹುಲ್ಲಿನ ಮೆದೆಗೆ ಒರಗಿ ನಿಂತೆ. ಹೊಟ್ಟೆಯಲ್ಲಿರುವುದು ಹುಟ್ಟಿ, ಬೆಳೆದು, ಒಂದು ದಿನ ಯಾರಾದರೂ ಅದರ ತಲೆಗೆ ಎಣ್ಣೆ ತಿಕ್ಕುವಾಗ ಕೈ ನಿಲ್ಲಿಸುತ್ತಾರೆ. ನನಗೆ ಬೇರೇನೂ ಕಾಣಿಸಲಿಲ್ಲ. ಕಾಣದ ಮಗುವಿನ ಮೇಲೆ ಅಷ್ಟು ಪ್ರೀತಿ ಹೇಗೆ ಬಂತೋ, ಅದನ್ನು ಹುಟ್ಟಲು ಬಿಡಬಾರದು ಎನಿಸುವಷ್ಟು ಬಂತು.

ಯಾರಿಗೂ ಹೇಳದೆ ಮಾಲೂರಿಗೆ ಹೋದೆ. ಅಲ್ಲಿ ನನ್ನ ಗುರುತಿನವರಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಲೇಡಿ ಡಾಕ್ಟರೊಬ್ಬರ ಶಾಪು. ಕಾಯುತ್ತಿದ್ದವರೆಲ್ಲ ಬಸುರಿಯರು, ಇಲ್ಲವೇ ಕೂಸು ಎತ್ತಿಕೊಂಡವರು. ಒಬ್ಬಾಕೆ, "ನಿಮಗೆಷ್ಟು ತಿಂಗಳು?" ಎಂದು ಖುಷಿಯಾಗಿ ಕೇಳಿದಳು. ನಾನು ಹೊಟ್ಟೆನೋವಿಗೆ ಬಂದಿದ್ದೇನೆ ಎಂದೆ.

"ತೆಗೆಸ್ಬೇಕು ಡಾಕ್ಟ್ರೇ," ಎಂದೆ ಒಳಗೆ ಹೋಗಿ.

"ಎಷ್ಟು ಮಕ್ಕಳಿದಾರೆ?"

"ಇದೇ ಮೊದಲನೇದು."

ಅವರು ಪೆನ್ನು ಕೆಳಗಿಟ್ಟರು. ನಾನು ಸೆರಗು ಸರಿಸಿ, ಕರೆಂಟಿಗೆ ಕಪ್ಪಾದ ಕುತ್ತಿಗೆಯನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ನಂಗೆ ಇದರ ಬಗ್ಗೆ ಅಷ್ಟು ಗೊತ್ತಿಲ್ಲಮ್ಮ," ಎಂದರು. "ನಿನಗೆ ಔಷಧಿ ಕೊಟ್ಟೋರನ್ನ ಕೇಳ್ಕೊಂಡು ಬಾ. ಅವರು ತೆಗೀರಿ ಅಂದ್ರೆ ನಾನೇ ಮಾಡ್ತೀನಿ. ಆದ್ರೆ ತಡ ಮಾಡ್ಬೇಡ, ಇನ್ನು ಹದಿನೈದು ದಿನದೊಳಗೆ ಬಾ." ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರು ಎಲ್ಲರಿಗೂ ಸಿಗುವುದಿಲ್ಲ. ಆವತ್ತು ಅವರು ಗೊತ್ತಿದ್ದವರ ಹಾಗೆ ನಡೆದುಕೊಂಡಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ.

ಊರಿಗೆ ಬಂದಾಗ ಸಂಜೆಯ ಹಾಲಿನ ಹೊತ್ತು. ಸೊಸೈಟಿಯ ಮುಂದೆ ಚೊಂಬು, ಕ್ಯಾನು ಹಿಡಿದ ಹೆಂಗಸರ ಸಾಲು. ಸಾಲು ಕರಗುವವರೆಗೂ ಗೋಡೆಗೆ ಒರಗಿ ನಿಂತಿದ್ದು, ಯಜಮಾನರು ಅಳತೆಯ ಪಾತ್ರೆ ತೊಳೆಯುತ್ತಿದ್ದಾಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬಸುರಿಯಾಗಿರುವುದು, ಮಾಲೂರಿಗೆ ಹೋದದ್ದು, ಯಾಕೆ ಹೋದದ್ದು. ಅವರ ಕೈಯಿಂದ ಪಾತ್ರೆ ಜಾರಿ ಚರಂಡಿಗೆ ಉರುಳಿತು.

"ಏನಂದೆ?"

"ತಾಯಿ ಕೆಟ್ಟಿದ್ರೆ ಮೊಟ್ಟೆ ಉಳಿಸಬಾರ್ದು ರೀ. ನಾನು ಕಣ್ಣಾರೆ ನೋಡಿದೀನಿ."

"ನೀನೇನು ಚಿಟ್ಟೆಯೇನೇ?" ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿಮ್ ಕೋಠಿ ಕಾನೂನು ಕೋಠೀಲೇ ಇರ್ಲಿ. ನಮ್ಮನೇಗೆ ತರ್ಬೇಡ." ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಎದ್ದು ಚರಂಡಿಯಿಂದ ಪಾತ್ರೆ ಎತ್ತಿಕೊಳ್ಳುತ್ತ, "ನಾಳೆ ಬೆಂಗಳೂರಿಗೆ ಹೋಗಾಣ. ಅವರೇನು ಹೇಳ್ತಾರೋ ಅದು," ಎಂದರು. ಅವರಿಗೂ ನನ್ನಷ್ಟೇ ಭಯವಿತ್ತು ಎಂದು ಆಗ ತಿಳಿಯಿತು.

ಮತ್ತೆ ಅದೇ ಬೆಂಚು. ನಂಗಲಿಯ ಆ ಡ್ರೈವರನ್ನು ಹುಡುಕಿದೆ, ಕಾಣಲಿಲ್ಲ. ಎರಡು ವರ್ಷವಾದ ಮೇಲೆ ಅಲ್ಲಿ ಯಾರನ್ನಾದರೂ ಹುಡುಕುವುದೇ ತಪ್ಪು ಎಂದು ಕಣ್ಣು ಕೆಳಗೆ ಹಾಕಿದೆ.

ದೊಡ್ಡ ಡಾಕ್ಟರಮ್ಮ ಮೊದಲು ಕುತ್ತಿಗೆ, ಕಂಕುಳು ಎಲ್ಲ ಒತ್ತಿ ನೋಡಿ, ಏನೂ ಇಲ್ಲ ಎಂದರು. ನಾನು ಬಸುರಿಯೆಂದೂ ತೆಗೆಸಲು ಅಪ್ಪಣೆ ಕೇಳಲು ಬಂದಿದ್ದೇನೆಂದೂ ಹೇಳಿದೆ. ಯಾಕೆ ಎಂದು ಕೇಳಿದರು. ಚಿಟ್ಟೆಯ ವಿಷಯವನ್ನು ಪೂರ್ತಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು, ಪ್ರಶ್ನೆ ಕೇಳತೊಡಗಿದರು. ಎಷ್ಟು ದೊಡ್ಡದು ಮಾಡಿ ನೋಡುತ್ತೀರಿ, ಆ ಕಣ ಹೇಗಿರುತ್ತದೆ, ಅದು ಏನು.

"ಅದೊಂದು ರೋಗಾಣು ಮೇಡಂ. ಚಿಟ್ಟೆ ಮೈಯೆಲ್ಲ ತುಂಬ್ಕೊಂಡು ಮೊಟ್ಟೆ ಒಳಗೂ ಹೋಗುತ್ತೆ."

"ಅಂದ್ರೆ ಅದು ಚಿಟ್ಟೆಯದಲ್ಲ. ಹೊರಗಿಂದ ಬಂದ ಬೇರೆ ಜೀವ. ಅಲ್ವಾ?"

"ಹೌದು."

"ನಿನ್ನ ಕಾಯಿಲೆ ಹೊರಗಿಂದ ಬಂದ ಜೀವ ಅಲ್ಲಮ್ಮ. ನಿನ್ನದೇ ಜೀವಕೋಶ ದಾರಿ ತಪ್ಪಿದ್ದು." ಚೀಟಿಯ ಹಿಂದೆ ಒಂದು ಸುತ್ತು ಬರೆದು, ಅದನ್ನು ಎರಡು ಮಾಡಿ, ಎರಡನ್ನು ನಾಲ್ಕು ಮಾಡಿದರು. "ಮೈಯ ಜೀವಕೋಶ ಹೀಗೆ ತನ್ನದೇ ನಕಲು ಮಾಡ್ಕೊಂಡು ಹೋಗುತ್ತೆ. ಪ್ರತಿಯೊಂದರಲ್ಲೂ ನಲವತ್ತಾರು ವರ್ಣತಂತು, ಮೈ ಹೇಗಿರಬೇಕು ಅಂತ ಬರೆದಿರೋ ಎಳೆಗಳು. ಚರ್ಮದಲ್ಲಿ, ರಕ್ತದಲ್ಲಿ, ಕುತ್ತಿಗೇಲಿ. ನಿನ್ನ ಕುತ್ತಿಗೇಲಿ ಒಂದು ಕೋಶ ನಕಲಿನಲ್ಲಿ ತಪ್ಪು ಮಾಡ್ತು. ಅದರ ಮರಿಗಳೆಲ್ಲ ಅದೇ ತಪ್ಪು. ಅವು ಮೈಯಲ್ಲಿ ಓಡಾಡಬಹುದು, ಅದಕ್ಕೇ ಅಷ್ಟು ಕರೆಂಟು ಕೊಟ್ಟಿದ್ದು. ಆದ್ರೆ ಮಗು ಆಗೋದು ಅವುಗಳಿಂದಲ್ಲ."

"ಮತ್ತೆ ಯಾವುದರಿಂದ?"

"ಅಂಡ ಬೇರೆ ಕಣಮ್ಮ. ಅದರ ಮನೆಯೇ ಬೇರೆ. ಅದರಲ್ಲಿರೋದು ಅರ್ಧ, ಇಪ್ಪತ್ಮೂರೇ. ಇನ್ನರ್ಧ ಇವರದು," ಎಂದು ಯಜಮಾನರ ಕಡೆ ಪೆನ್ನು ತೋರಿಸಿದರು. ಅವರು ತಲೆ ತಗ್ಗಿಸಿದರು. "ನಿನ್ನ ಅಂಡದ ಕೋಶಗಳನ್ನೆಲ್ಲ ಎತ್ತಿಟ್ಟಿದ್ದು ಯಾವಾಗ ಗೊತ್ತಾ? ನೀನು ನಿಮ್ಮಮ್ಮನ ಹೊಟ್ಟೇಲಿದ್ದಾಗ. ನಿನ್ನ ಕುತ್ತಿಗೇಲಿ ತಪ್ಪು ಆಗೋಕೆ ಇಪ್ಪತ್ತು ವರ್ಷ ಮುಂಚೆ. ಆಮೇಲೆ ಕುತ್ತಿಗೇಲಿ ಬರೆದಿದ್ದು ಅಲ್ಲಿಗೆ ಹೋಗಿ ಸೇರೋಕೆ ದಾರಿನೇ ಇಲ್ಲ."

ಇದು ನನಗೆ ಥಟ್ಟನೆ ಹಿಡಿಸಿತು. ಗೂಡಿನಿಂದ ಈಚೆ ಬರುವ ಹೆಣ್ಣು ಚಿಟ್ಟೆಯ ಹೊಟ್ಟೆಯಲ್ಲಿ, ಗಂಡಿನ ಮುಖ ನೋಡುವ ಮೊದಲೇ ಮೊಟ್ಟೆ ತುಂಬಿರುತ್ತದೆ. ಅದನ್ನು ಸಾವಿರ ಸಲ ನೋಡಿದ್ದೆ. ಆದರೂ ಬಿಡಲಿಲ್ಲ.

"ಮತ್ತೆ ಎರಡು ವರ್ಷ ಬೇಡ ಅಂದ್ರಲ್ಲ?"

"ಅಯ್ಯೋ, ಅದು ಮಗೂಗೋಸ್ಕರ ಅಲ್ಲ, ನಿನಗೋಸ್ಕರ. ವಾಪಸ್ ಬಂದ್ರೆ ಹೆಚ್ಚಾಗಿ ಎರಡು ವರ್ಷದೊಳಗೆ ಬರುತ್ತೆ. ಬಸುರೀಲಿ ಬಂದ್ರೆ ಕಷ್ಟ ಅಂತ ಹೇಳಿದ್ದು. ನಾನು ಬಿಡಿಸಿ ಹೇಳಬೇಕಿತ್ತು."

"ಕರೆಂಟು?"

"ಕುತ್ತಿಗೆಗೆ ಮಾತ್ರ ಕೊಟ್ಟಿದ್ದು. ಹೊಟ್ಟೆಯಿಂದ ದೂರ."

"ಹಾಗಾದ್ರೆ ಮಗೂಗೆ ಬರೋದೇ ಇಲ್ವಾ ಮೇಡಂ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಯಾರ ಮಗೂಗೂ ಯಾವ ಕಾಯಿಲೆಯೂ ಬರಲ್ಲ ಅಂತ ನಾನು ಬರ್ಕೊಡೋಕಾಗಲ್ಲ," ಎಂದರು. "ಅಂಡದಲ್ಲೇ ತಪ್ಪಿದ್ದು ಮಕ್ಕಳಿಗೆ ಬರೋ ಕಾಯಿಲೆಗಳೂ ಇವೆ. ನಿನ್ನದು ಆ ಥರ ಕಾಣ್ತಿಲ್ಲ. ನಿಮ್ಮಿಬ್ಬರ ಮಗು ಅಂತ ಅದಕ್ಕೆ ಬೇರೆ ಮಕ್ಕಳಿಗಿಂತ ಹೆಚ್ಚಿಗೆ ಹೆದರೋ ಕಾರಣ ನನಗೆ ಕಾಣ್ತಿಲ್ಲ. ಮನೆಗೆ ಹೋಗಿ ಚೆನ್ನಾಗಿ ಊಟ ಮಾಡು."

ಮನೆಗೆ ಬಂದೆ. ಊಟವನ್ನೂ ಮಾಡಿದೆ. ಅತ್ತೆಗೆ ಹೇಳಿದಾಗ, "ನಾ ತಲ್ಲಿ! ನನ್ನ ತಾಯಿ!" ಎಂದು ತಮ್ಮ ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿ ಕೆನ್ನೆ ಸವರಿದರು. ಮಾಲೂರಿನ ಸುದ್ದಿಯನ್ನು ನಾವಿಬ್ಬರೂ ಅವರಿಗೆ ಹೇಳಲೇ ಇಲ್ಲ. ಆದರೆ ಭಯ ಹೋಯಿತೇ ಎಂದು ಕೇಳಿದರೆ, ಇಲ್ಲ. ಅರ್ಥವಾದದ್ದು ತಲೆಗೆ. ಹೆರಿಗೆಯವರೆಗೂ ದಿನಾ ನನ್ನ ಕುತ್ತಿಗೆಯನ್ನು ಒತ್ತಿಕೊಂಡೆ, ಒತ್ತಿ ಒತ್ತಿ ಅಲ್ಲೇ ನೋವು ಬಂದು, ಆ ನೋವಿಗೆ ಮತ್ತೆ ಹೆದರಿದೆ. ಇಂಥ ಕಾಯಿಲೆ ದಾಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ವಾಸಿಯಾದ ಮೇಲೆ ನೆಮ್ಮದಿಯಾಗಿರಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆದರಿಕೊಂಡೇ ಬದುಕುವವರು ನೀವೊಬ್ಬರೇ ಅಲ್ಲ.

ಹೆಣ್ಣು ಮಗು ಹುಟ್ಟಿತು. ವನಜ ಎಂದು ಹೆಸರಿಟ್ಟೆವು. ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಕುತ್ತಿಗೆಯನ್ನು. ಅಲ್ಲಿಂದ ಅದೇ ಅಭ್ಯಾಸವಾಯಿತು. ನೀರು ಹಾಕುವಾಗ, ಜಡೆ ಹೆಣೆಯುವಾಗ, ಹಾಲು ಕುಡಿಸುವಾಗ ಬೆರಳು ತಾನೇ ಹೋಗುತ್ತಿತ್ತು. ಮೂರು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಕಿವಿಯ ಕೆಳಗೆ ಬಾತುಕೊಂಡಿತ್ತು. ನಾನು ಚಪ್ಪಲಿ ಮೆಟ್ಟದೆ ಅವಳನ್ನು ಎತ್ತಿಕೊಂಡು ಬಸ್ಸಿಗೆ ಓಡಿದೆ. ಕೋಲಾರದ ಡಾಕ್ಟರು, "ಮಂಗಬಾವು ಕಣಮ್ಮ, ಶಾಲೆ ಮಕ್ಕಳಿಗೆಲ್ಲ ಬಂದಿದೆ," ಎಂದು ನಕ್ಕರು. ನಾನು ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ವನಜ ಬಾತ ಕೆನ್ನೆಯಲ್ಲೇ ನನ್ನನ್ನು ನೋಡುತ್ತಿದ್ದಳು.

ಅವಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಶಾಲೆಗೆ ಹೊತ್ತಾಯಿತು ಎಂದು ಕರೆಯಲು ಒಳಗೆ ಹೋದರೆ, ಸ್ಟೂಲಿನ ಮೇಲೆ ಹತ್ತಿ ಕನ್ನಡಿಯ ಮುಂದೆ ನಿಂತಿದ್ದಳು. ಎರಡು ಕೈಯ ಬೆರಳುಗಳಿಂದ ಕುತ್ತಿಗೆಯನ್ನು ಒತ್ತಿಕೊಳ್ಳುತ್ತಿದ್ದಳು. ಎಡಗಡೆ, ಬಲಗಡೆ, ಕಿವಿಯ ಕೆಳಗೆ, ಭುಜದ ಸಂದಿಯಲ್ಲಿ. ನಾನು ಮಾಡುವ ಕ್ರಮದಲ್ಲೇ, ಒಂದು ಜಾಗವನ್ನೂ ಬಿಡದೆ.

"ಏನೇ ಮಾಡ್ತಿದೀಯ?"

"ನೋಡ್ಕೋತಿದೀನಿ ಅಮ್ಮ. ಇವತ್ತು ಏನೂ ಇಲ್ಲ." ಹಲ್ಲುಜ್ಜಿ ಆಯಿತು ಎಂದು ಹೇಳುವ ದನಿಯಲ್ಲೇ ಹೇಳಿದಳು. ಸ್ಟೂಲಿನಿಂದ ಇಳಿದು, ಚೀಲ ಏರಿಸಿಕೊಳ್ಳುತ್ತ, "ಅಮ್ಮ, ಜಯಂತಿ ಇದಾಳಲ್ಲ, ಅವರಮ್ಮ ಅವಳ ಕುತ್ತಿಗೆ ನೋಡೋದೇ ಇಲ್ವಂತೆ. ಒಂದಿನಾನೂ ನೋಡಿಲ್ವಂತೆ. ಪಾಪ," ಎಂದಳು.

ನನ್ನ ಕುತ್ತಿಗೆಯಲ್ಲಿದ್ದದ್ದು ಅವಳಿಗೆ ಹೋಗಲು ದಾರಿಯಿಲ್ಲ ಎಂದು ದೊಡ್ಡ ಡಾಕ್ಟರಮ್ಮ ಹೇಳಿದ್ದು ನಿಜವೇ ಆಗಿತ್ತು. ನನ್ನ ಬೆರಳಿನಲ್ಲಿದ್ದದ್ದು ಹೋಗಿತ್ತು. ನಾನೇ ದಿನಾ ಸ್ವಲ್ಪ ಸ್ವಲ್ಪ ಕೊಟ್ಟಿದ್ದೆ.

"ಜಯಂತಿ ಅವರಮ್ಮ ಮಾಡೋದೇ ಸರಿ ಕಣೇ," ಎಂದೆ. "ಅದನ್ನ ನೋಡ್ಕೋಬೇಕಾಗಿಲ್ಲ. ನಾನೂ ಇನ್ಮೇಲೆ ನೋಡಲ್ಲ."

"ಯಾವತ್ತೂನಾ?"

"ಯಾವತ್ತೂ."

ಅವಳು ನಂಬಿದಳೋ ಇಲ್ಲವೋ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟಳು. ಬಾಗಿಲಲ್ಲಿ ನೋಡಿದರೆ ಅವಳ ಕಾಲರು ಮಡಿಚಿಕೊಂಡಿತ್ತು. ಸರಿಮಾಡಲು ಹೋದರೆ ಬೆರಳು ಎಲ್ಲಿಗೆ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ಅವಳು ಬೀದಿಯ ತಿರುವು ದಾಟುವವರೆಗೂ ಹಾಗೇ ನಿಂತಿದ್ದೆ.